ಟರ್ಬೊ ಕಾರಿನ ಎಕ್ಸಾಸ್ಟ್ ಮಾರ್ಪಾಡು: ಶಕ್ತಿಯ ಕೆಲಸ ಮುಂದೆ, ಸದ್ದಿನ ಕೆಲಸ ಹಿಂದೆ

ಎಕ್ಸಾಸ್ಟ್ ಬದಲಿಸಲು ಹೊರಡುವವರಲ್ಲಿ ಹೆಚ್ಚಿನವರು ಹಿಂಬದಿಯ ಸೈಲೆನ್ಸರ್‌ನಿಂದಲೇ ಆರಂಭಿಸುತ್ತಾರೆ. ಕಣ್ಣಿಗೆ ಕಾಣುವ ಭಾಗ ಅದೇ, ಕಿವಿಗೆ ಮೊದಲು ತಲುಪುವುದೂ ಅದರ ಸದ್ದೇ. ಕೇವಲ ಸದ್ದು ಬೇಕಿದ್ದರೆ ಅದು ಸರಿಯಾದ ಜಾಗ. ಆದರೆ ಟರ್ಬೊ (ಹೊರಹೋಗುವ ಅನಿಲದ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರಿನಿಂದ ಹೆಚ್ಚಿನ ಶಕ್ತಿಯನ್ನು ನಿರೀಕ್ಷಿಸುವವರು ಅಲ್ಲಿ ಸುರಿಯುವ ಹಣದ ಬಹುಪಾಲು ವ್ಯರ್ಥವಾಗುತ್ತದೆ. ಏಕೆಂದರೆ ಶಕ್ತಿಯನ್ನು ನಿರ್ಧರಿಸುವ ಅಡೆತಡೆ ಇರುವುದು ಟರ್ಬೊದ ಬಾಯಿಂದ ಮೊದಲ ಒಂದು ಮೀಟರಿನೊಳಗೆ. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಯೋಚಿಸಿ, ಬೇರೆಬೇರೆಯಾಗಿ ಅಳೆದು, ಬೇಕೆಂದಾಗ ಮೂಲ ಸ್ಥಿತಿಗೆ ಮರಳಿಸಬಹುದಾದ ರೀತಿಯಲ್ಲಿ ಮಾಡುವುದು ಹೇಗೆ ಎಂಬುದನ್ನು ಈ ಮಾರ್ಗದರ್ಶಿ ವಿವರಿಸುತ್ತದೆ.

ಉದಾಹರಣೆಗೆ 2017ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ಆರಿಸಿಕೊಂಡಿದ್ದೇನೆ. 1984 ಸಿಸಿ ಸಾಮರ್ಥ್ಯದ ನಾಲ್ಕು ಸಿಲಿಂಡರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, 230 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಸ್ವಯಂಚಾಲಿತ ಗೇರ್‌ಬಾಕ್ಸ್), ಮುಂದಿನ ಚಕ್ರಗಳಿಗೆ ಚಾಲನೆ. ಇಎ888 ಎಂದು ಕರೆಯಲಾಗುವ ಈ ಎಂಜಿನ್ ಕುಟುಂಬದ ಮೂರನೇ ಪೀಳಿಗೆಯೇ ಗಾಲ್ಫ್ ಜಿಟಿಐಯಲ್ಲೂ ಇದ್ದುದರಿಂದ ಇದರ ಬಿಡಿಭಾಗಗಳು ಹೇರಳವಾಗಿವೆ, ಇದರ ಗುಣದೋಷಗಳೂ ಚೆನ್ನಾಗಿ ತಿಳಿದಿವೆ. ಬೇರೆ ಟರ್ಬೊ ಪೆಟ್ರೋಲ್ ಕಾರು ಇರುವವರು ಅಂಕಿಗಳನ್ನು ಬದಲಿಸಿಕೊಂಡರೆ ಸಾಕು, ಕ್ರಮ ಇದೇ.

ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ನಿನ ಅಡಿಯಲ್ಲಿ, ಇಂಥ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಶಬ್ದ ಮತ್ತು ವಾಯುಮಾಲಿನ್ಯಕ್ಕೆ ಸಂಬಂಧಿಸಿದ 190ನೇ ಸೆಕ್ಷನ್ನಿನಲ್ಲಿ ದಂಡ 10,000 ರೂಪಾಯಿಯವರೆಗೆ ಏರುತ್ತದೆ, ಚಾಲನಾ ಪರವಾನಗಿಯನ್ನೂ ಮೂರು ತಿಂಗಳು ಕಳೆದುಕೊಳ್ಳಬೇಕಾಗಬಹುದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರ ಕೇಳುವಾಗ ತಕರಾರು ಬರುವುದು ಬೇರೆ ಮಾತು.

ಆದ್ದರಿಂದ ಇಲ್ಲಿ ಹೇಳುವ ಕೆಲಸವನ್ನು ರೇಸ್ ಟ್ರ್ಯಾಕಿನ ಬಳಕೆಗೆಂದು ಭಾವಿಸಬೇಕು. ಬೆಂಗಳೂರಿನ ಉತ್ಸಾಹಿಗಳು ಶ್ರೀಪೆರಂಬದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ಗೆ ಅಥವಾ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಹೋಗುವುದು ರೂಢಿ. ಟ್ರ್ಯಾಕಿಗೆ ಒಂದು ಎಕ್ಸಾಸ್ಟ್, ರಸ್ತೆಗೆ ಕಂಪನಿಯ ಮೂಲ ಎಕ್ಸಾಸ್ಟ್ ಎಂದು ಎರಡನ್ನೂ ಇಟ್ಟುಕೊಂಡು, ಕೆಲವು ಗಂಟೆಗಳ ಕೆಲಸದಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಲು ಬರುವಂತೆ ಜೋಡಣೆಗಳನ್ನು ರೂಪಿಸುವುದೇ ಈ ದೇಶದಲ್ಲಿ ವಿವೇಕದ ಮಾರ್ಗ ಎಂಬುದು ನನ್ನ ನಿಲುವು. ಮುಂದಿನ ಪ್ರತಿ ಹಂತವನ್ನೂ ಇದನ್ನು ಗಮನದಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಅನಿಲ ಸಾಗುವ ದಾರಿ

ಸಿಲಿಂಡರಿನಿಂದ ಹೊರಬಂದ ಬಿಸಿ ಅನಿಲ ಮೊದಲು, ಎಲ್ಲ ಸಿಲಿಂಡರುಗಳ ಅನಿಲವನ್ನು ಒಂದುಗೂಡಿಸುವ ಮ್ಯಾನಿಫೋಲ್ಡ್ ಸೇರುತ್ತದೆ. ಇಎ888 ಎಂಜಿನ್ನಿನ ಮೂರನೇ ಪೀಳಿಗೆಯಲ್ಲಿ ಮ್ಯಾನಿಫೋಲ್ಡ್ ಪ್ರತ್ಯೇಕ ಭಾಗವಾಗಿಲ್ಲ. ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದ್ದು, ನೀರಿನಿಂದ ತಂಪಾಗುತ್ತದೆ. ಹಾಗಾಗಿ ಈ ಕಾರಿಗೆ ಹೆಡರ್ (ಕೊಳವೆಗಳಿಂದ ಮಾಡಿದ ಬದಲಿ ಮ್ಯಾನಿಫೋಲ್ಡ್) ಹಾಕಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅಲ್ಲಿಂದ ಟರ್ಬೊ, ಅದರ ಹಿಂದೆ ಕ್ಯಾಟಲಿಟಿಕ್ ಕನ್ವರ್ಟರನ್ನು (ವಿಷಾನಿಲಗಳನ್ನು ತಗ್ಗಿಸುವ ಭಾಗ, ಚಿಕ್ಕದಾಗಿ ಕ್ಯಾಟ್) ಒಳಗೊಂಡ ಡೌನ್‌ಪೈಪ್, ನಂತರ ಎಂಜಿನ್ನಿನ ಅಲುಗಾಟವನ್ನು ತಾಳಿಕೊಳ್ಳುವ ಬಳುಕುವ ಜೋಡಣೆ, ಕಾರಿನ ನಡುಭಾಗದಲ್ಲಿ ರೆಸೊನೇಟರ್ (ಕೆಲವು ಸ್ವರಗಳನ್ನು ತಗ್ಗಿಸುವ ಡಬ್ಬಿ), ಕೊನೆಗೆ ಹಿಂದಿನ ಮಫ್ಲರ್ (ಸೈಲೆನ್ಸರ್) ಮತ್ತು ಎರಡು ತುದಿಗಳು. ಕ್ಯಾಟ್‌ನ ಮುಂದೊಂದು, ಹಿಂದೊಂದು ಆಮ್ಲಜನಕ ಸೆನ್ಸರ್ ಇರುತ್ತವೆ. ಮುಂದಿನದು ಇಂಧನದ ಪ್ರಮಾಣವನ್ನು ತಿದ್ದಲು, ಹಿಂದಿನದು ಮುಖ್ಯವಾಗಿ ಕ್ಯಾಟ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು.

ಟರ್ಬೊದ ಟರ್ಬೈನ್ ತಿರುಗುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ವ್ಯತ್ಯಾಸದಿಂದ. ಟರ್ಬೊ ದಾಟಿದ ಮೇಲೆ ಒತ್ತಡ ಕಡಿಮೆಯಾದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ, ಟರ್ಬೊ ಬೇಗ ವೇಗ ಪಡೆಯುತ್ತದೆ. ಎಂಜಿನ್ನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕೇಬೇಕು ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಈಗಲೂ ಕೇಳಬಹುದು. ಟರ್ಬೊ ಇಲ್ಲದ ಎಂಜಿನ್ನುಗಳಲ್ಲಿ ಅತಿ ದಪ್ಪನೆಯ ಕೊಳವೆ ಹಾಕಿದಾಗ ಕಡಿಮೆ ಆರ್‌ಪಿಎಂನಲ್ಲಿ ಬಲ ಕುಗ್ಗುವುದನ್ನು ಕಂಡು ಹುಟ್ಟಿದ ಮಾತು ಅದು. ಅಲ್ಲಿಯೂ ನಷ್ಟವಾಗುವುದು ಒತ್ತಡವಲ್ಲ; ಒಂದು ಸಿಲಿಂಡರಿನ ಅನಿಲದ ಅಲೆ ಇನ್ನೊಂದರ ಅನಿಲವನ್ನು ಸೆಳೆದುಕೊಳ್ಳಲು ಬೇಕಾದ ವೇಗ. ಟರ್ಬೊದ ಹಿಂದಿನ ಭಾಗಕ್ಕೆ ಈ ವಾದ ಅನ್ವಯಿಸುವುದೇ ಇಲ್ಲ.

ಹಂತ 1: ಏನನ್ನೂ ಮುಟ್ಟುವ ಮೊದಲು ಅಳೆಯಿರಿ

ಮಾರ್ಪಾಡಿಗೆ ಮುಂಚಿನ ಅಂಕಿಗಳಿಲ್ಲದಿದ್ದರೆ ನಂತರದ ಅಂಕಿಗಳಿಗೆ ಅರ್ಥವಿಲ್ಲ. ಡೈನೊದಲ್ಲಿ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಒಂದೇ ಗೇರಿನಲ್ಲಿ, ಎಂಜಿನ್ ಎಣ್ಣೆಯ ಉಷ್ಣಾಂಶ ಒಂದೇ ಮಟ್ಟದಲ್ಲಿರುವಾಗ ಕನಿಷ್ಠ ಮೂರು ಬಾರಿ ಓಡಿಸಿ, ಒಳಬರುವ ಗಾಳಿಯ ಉಷ್ಣಾಂಶ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ), ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಮತ್ತು ಇಂಧನ ಅನುಪಾತವನ್ನು ದಾಖಲಿಸಿಕೊಳ್ಳಬೇಕು. ನಂತರದ ಪರೀಕ್ಷೆಯೂ ಅದೇ ಡೈನೊದಲ್ಲೇ ನಡೆಯಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ವಾಯುಭಾರ ಚೆನ್ನೈಗಿಂತ ಹತ್ತಿರ ಹತ್ತಿರ ಶೇಕಡ 10ರಷ್ಟು ಕಡಿಮೆ. ಟರ್ಬೊ ಈ ಕೊರತೆಯನ್ನು ಹೆಚ್ಚು ಸುತ್ತಿ ತುಂಬಿಕೊಡುತ್ತದೆಯಾದರೂ, ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿನ ಅಂಕಿಯ ಪಕ್ಕದಲ್ಲಿಟ್ಟು ಲಾಭ ನಷ್ಟ ಲೆಕ್ಕ ಹಾಕುವುದು ಸರಿಯಲ್ಲ.

ಎರಡನೆಯದು ಒತ್ತಡದ ಅಳತೆ. ಟರ್ಬೊದ ನಂತರ, ಕ್ಯಾಟ್‌ಗೆ ಮೊದಲು ಒಂದು ಸಣ್ಣ ಫಿಟಿಂಗ್ ಬೆಸೆದು, ಶಾಖ ಇಳಿಸಲು ಒಂದೆರಡು ಅಡಿ ಲೋಹದ ಸಣ್ಣ ಕೊಳವೆಯನ್ನೂ ಅದರ ಮುಂದೆ ರಬ್ಬರ್ ಹೋಸನ್ನೂ ಜೋಡಿಸಿ ಗೇಜಿಗೆ ಕೊಡಬೇಕು. ಅದೇ ರೀತಿ ಕ್ಯಾಟ್‌ನ ಹಿಂದೆ ಇನ್ನೊಂದು. ಪೂರ್ಣ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ಒತ್ತಿ), ಗರಿಷ್ಠ ಶಕ್ತಿಯ ಆರ್‌ಪಿಎಂನಲ್ಲಿ ಈ ಎರಡು ಜಾಗಗಳ ಓದು ಸಿಕ್ಕರೆ ಅಡೆತಡೆ ಎಲ್ಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಕ್ಯಾಟ್‌ನ ಹಿಂದಿನ ಓದು ಆಗಲೇ 10 ಕಿಲೊಪಾಸ್ಕಲ್‌ಗಿಂತ ಕಡಿಮೆಯಿದ್ದರೆ ಹಿಂದಿನ ಮಫ್ಲರ್ ಬದಲಿಸಿ ಹೇಳಿಕೊಳ್ಳುವಂಥ ಶಕ್ತಿ ಸಿಗುವುದಿಲ್ಲ. ಈ ಪರೀಕ್ಷೆಗೆ ತಗಲುವ ಖರ್ಚು ಅಲ್ಪ, ಆದರೂ ಇದನ್ನು ಮಾಡುವವರು ವಿರಳ. ಬಹುಶಃ ಅದರ ಫಲಿತಾಂಶ ಮಾರಾಟಗಾರರಿಗೆ ಅನುಕೂಲಕರವಲ್ಲ.

ಮೂರನೆಯದು ಸದ್ದು. ನಿಂತ ವಾಹನದ ಶಬ್ದ ಅಳೆಯಲು ಐಎಸ್ಒ 5130 ಮಾನದಂಡ ಹೇಳುವ ವಿಧಾನ ಸರಳವಾಗಿದೆ: ಎಕ್ಸಾಸ್ಟ್ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, ಅನಿಲ ಹೊರಬರುವ ದಿಕ್ಕಿಗೆ 45 ಡಿಗ್ರಿ ಕೋನದಲ್ಲಿ, ತುದಿಯಷ್ಟೇ ಎತ್ತರದಲ್ಲಿ ಮೈಕ್ ಇರಿಸಬೇಕು. ಎಂಜಿನ್ನನ್ನು ಪ್ರತಿ ಬಾರಿ ಒಂದೇ ಆರ್‌ಪಿಎಂನಲ್ಲಿ ಹಿಡಿದು ಬಿಡಬೇಕು. ಈ ಎಂಜಿನ್ನಿಗೆ 3750 ಸೂಕ್ತ. ಮೊಬೈಲ್ ಆ್ಯಪ್‌ನ ಅಂಕಿ ನಿಖರವಲ್ಲದಿದ್ದರೂ, ಅದೇ ಫೋನು, ಅದೇ ಜಾಗ ಬಳಸಿದರೆ ಹೋಲಿಕೆಗೆ ಸಾಲುತ್ತದೆ. ಕ್ಯಾಬಿನ್ನಿನ ಒಳಗೆ, ಹೆದ್ದಾರಿಯ ವೇಗದಲ್ಲಿ ಕೊನೆಯ ಗೇರಿನಲ್ಲಿ ಹೋಗುವಾಗಿನ ಸದ್ದನ್ನೂ ದಾಖಲಿಸಿಟ್ಟುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಇದೆ. ಈ ಕುಟುಂಬದ ಅನೇಕ ಕಾರುಗಳಲ್ಲಿ ವಿಂಡ್‌ಶೀಲ್ಡಿನ ಬುಡದ ಬಳಿ ಒಂದು ಕಂಪಕ ಸಾಧನವಿದ್ದು, ಎಂಜಿನ್ನಿನ ಆರ್‌ಪಿಎಂ ಮತ್ತು ಭಾರಕ್ಕೆ ತಕ್ಕಂತೆ ಗಾಜನ್ನೂ ದೇಹವನ್ನೂ ನಡುಗಿಸಿ ಒಳಗೆ ಕೃತಕ ಗರ್ಜನೆಯನ್ನು ಹುಟ್ಟಿಸುತ್ತದೆ. ಮಾಲೀಕರು ವರ್ಷಗಳ ಕಾಲ ಎಕ್ಸಾಸ್ಟಿನದೆಂದು ಆನಂದಿಸಿದ ಸದ್ದು ಇದೇ ಆಗಿರಬಹುದು. ಡ್ರೈವಿಂಗ್ ಮೋಡ್ ಸೆಟ್ಟಿಂಗಿನಲ್ಲಿ ಎಂಜಿನ್ ಸದ್ದನ್ನು ಕನಿಷ್ಠಕ್ಕೆ ಇಳಿಸಿದ ಮೇಲೆಯೇ ಅಳೆಯಿರಿ.

ಹಂತ 2: ಕೊಳವೆಯ ವ್ಯಾಸವನ್ನು ಲೆಕ್ಕದಿಂದ ನಿರ್ಧರಿಸಿ

230 ಪಿಎಸ್ ಉತ್ಪಾದಿಸುವಾಗ ಈ ಎಂಜಿನ್ ಸೆಕೆಂಡಿಗೆ ಸುಮಾರು 0.18 ಕೆ.ಜಿ. ಅನಿಲವನ್ನು ಹೊರಹಾಕುತ್ತದೆ. 600 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅದರ ಗಾತ್ರ ಸುಮಾರು 0.45 ಘನ ಮೀಟರ್. ಎರಡೂವರೆ ಇಂಚಿನ, ಅಂದರೆ 63.5 ಮಿ.ಮೀ. ಹೊರವ್ಯಾಸದ, ಒಂದೂವರೆ ಮಿ.ಮೀ. ದಪ್ಪದ ಕೊಳವೆಯ ಒಳವಿಸ್ತೀರ್ಣ 28.7 ಚದರ ಸೆಂ.ಮೀ.; ಅದರಲ್ಲಿ ಅನಿಲ ಸೆಕೆಂಡಿಗೆ 155 ಮೀಟರ್ ವೇಗದಲ್ಲಿ ಸಾಗುತ್ತದೆ. ಮೂರು ಇಂಚಿನ ಕೊಳವೆಯ ಒಳವಿಸ್ತೀರ್ಣ 42 ಚದರ ಸೆಂ.ಮೀ.; ವೇಗ ಸುಮಾರು 106 ಮೀಟರಿಗೆ ಇಳಿಯುತ್ತದೆ. ಇಷ್ಟೇ ಅನಿಲ ಹರಿಯುವಾಗ ಘರ್ಷಣೆಯಿಂದಾಗುವ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಮೂರು ಇಂಚಿನ ಕೊಳವೆಯಲ್ಲಿ ಪ್ರತಿ ಮೀಟರಿನ ನಷ್ಟ ಎರಡೂವರೆ ಇಂಚಿನದರ ಐದನೇ ಎರಡು ಭಾಗದಷ್ಟು ಮಾತ್ರ.

ಇದರಿಂದ ಮೂರು ಇಂಚೇ ಉತ್ತಮ ಎಂದು ತೀರ್ಮಾನಿಸಲು ಅವಸರ ಬೇಡ. ಶಕ್ತಿಯನ್ನು 230ರ ಆಸುಪಾಸಿನಲ್ಲೇ ಇಡುವುದಾದರೆ ಎರಡೂವರೆ ಇಂಚು ಸಾಕಷ್ಟಾಯಿತು. ಅದು ಹಗುರ, ಅಡಿಯಲ್ಲಿ ಸುಲಭವಾಗಿ ಕೂರುತ್ತದೆ, ಸದ್ದನ್ನು ಹತೋಟಿಯಲ್ಲಿಡುವುದೂ ಸುಲಭ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್, ಅಂದರೆ ಅದರೊಳಗಿನ ಇಂಧನ, ಕಿಡಿ, ಬೂಸ್ಟ್‌ಗಳ ಸೆಟ್ಟಿಂಗು ಬದಲಿಸಿ 300 ಪಿಎಸ್‌ನತ್ತ ಹೋಗುವವರಿಗೆ ಎರಡೂವರೆ ಇಂಚಿನಲ್ಲಿ ವೇಗ 200 ಮೀಟರ್ ದಾಟುತ್ತದೆ. ಅವರು ಡೌನ್‌ಪೈಪಿಗೆ ಮೂರು ಇಂಚು ಬಳಸುವುದು ಸಮಂಜಸ. ಹಿಂದೆ ಹೋದಂತೆ ಅನಿಲ ತಣಿದು ಕುಗ್ಗುವುದರಿಂದ, ಮುಂದೆ ಮೂರು ಇಂಚು ಇಟ್ಟು ಹಿಂಬದಿಯ ಮಫ್ಲರ್ ಬಳಿ ಎರಡೂವರೆಗೆ ಇಳಿಸಿದರೂ ನಷ್ಟ ಅಲ್ಪ. ನಮ್ಮ ರಸ್ತೆಗಳ ಹಂಪುಗಳನ್ನು ನೆನೆದರೆ, ಅಡಿಯಲ್ಲಿ ಉಳಿಯುವ ಅರ್ಧ ಇಂಚು ಸಣ್ಣ ಲಾಭವಲ್ಲ. ಟ್ರ್ಯಾಕಿಗೆ ಹೋಗುವ ಕಾರು ಕೂಡ ಗ್ಯಾರೇಜಿನ ಇಳಿಜಾರನ್ನು ದಾಟಲೇಬೇಕು.

ಬಾಗುಗಳು ಮ್ಯಾಂಡ್ರೆಲ್ ಬೆಂಡ್ ಆಗಿರಬೇಕು, ಅಂದರೆ ಬಾಗಿದ ಜಾಗದಲ್ಲೂ ಒಳವ್ಯಾಸ ಉಳಿದಿರಬೇಕು. ಒತ್ತಿ ಬಾಗಿಸಿದ ಕೊಳವೆ ಬಾಗಿನಲ್ಲಿ ಚಪ್ಪಟೆಯಾಗುತ್ತದೆ. ಮೂರು ಇಂಚಿನ ದುಡ್ಡು ಕೊಟ್ಟು ಅದಕ್ಕಿಂತ ಕಿರಿದಾದ ದಾರಿಯನ್ನು ಪಡೆದಂತಾಗುತ್ತದೆ.

ಹಂತ 3: ಡೌನ್‌ಪೈಪ್, ಕ್ಯಾಟ್ ಮತ್ತು ಇಸಿಯು

ಶಕ್ತಿಯ ದೃಷ್ಟಿಯಿಂದ ಈ ಕಾರಿನಲ್ಲಿ ನಿರ್ಣಾಯಕವಾದುದು ಈ ಒಂದೇ ಭಾಗ. ಮೂಲ ಕ್ಯಾಟ್‌ನ ಒಳಗೆ ದಟ್ಟವಾದ ಜೇನುಗೂಡಿನ ರಚನೆಯಿದ್ದು, ಟರ್ಬೊದಿಂದ ಸುತ್ತುತ್ತಾ ಹೊರಬರುವ ಅನಿಲ ಅಲ್ಲಿ ಎದುರಾಗುವ ಮೊದಲ ತಡೆಗೆ ಬಡಿಯುತ್ತದೆ. ಇದರ ಬದಲಿಗೆ ಚದರ ಇಂಚಿಗೆ 200 ಅಥವಾ 300 ರಂಧ್ರಗಳಿರುವ, ಲೋಹದ ತೆಳು ಹಾಳೆಯಿಂದ ಮಾಡಿದ ಹೈಫ್ಲೋ ಕ್ಯಾಟ್ ಹೊಂದಿದ ಡೌನ್‌ಪೈಪ್ ಬಳಸಬಹುದು. ಕ್ಯಾಟನ್ನು ಪೂರ್ತಿ ಕಿತ್ತುಹಾಕಬೇಕೆಂಬ ಸಲಹೆಯನ್ನು ಸ್ವೀಕರಿಸಬೇಡಿ. ಉತ್ತಮ ಹೈಫ್ಲೋ ಕ್ಯಾಟ್‌ಗೂ ಬರಿ ಕೊಳವೆಗೂ ಈ ಮಟ್ಟದ ಶಕ್ತಿಯಲ್ಲಿರುವ ವ್ಯತ್ಯಾಸ ಕೆಲವೇ ಅಶ್ವಶಕ್ತಿ, ಆದರೆ ಕ್ಯಾಟ್ ಇಲ್ಲದ ಕಾರು ಸುಡದ ಹೈಡ್ರೊಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳನ್ನು ನೇರವಾಗಿ ಹೊರಗೆ ಬಿಡುತ್ತದೆ. ಜೊತೆಗೆ ಸದ್ದಿನಲ್ಲಿ ಕರ್ಕಶವಾದ ಲೋಹದ ಗುಣ ಸೇರಿಕೊಳ್ಳುತ್ತದೆ. ಅದನ್ನು ಹಿಂದಿನ ಯಾವ ಮಫ್ಲರೂ ಪೂರ್ತಿ ಅಳಿಸುವುದಿಲ್ಲ.

ಹೈಫ್ಲೋ ಕ್ಯಾಟ್ ಹಾಕಿದ ಮೇಲೂ ಪಿ0420 ಎಂಬ ದೋಷಸೂಚಿ ಬಂದು ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳಬಹುದು. ಕ್ಯಾಟ್‌ನ ದಕ್ಷತೆ ನಿಗದಿತ ಮಟ್ಟಕ್ಕಿಂತ ಕೆಳಗಿದೆ ಎಂಬುದು ಅದರ ಅರ್ಥ. ಅಗ್ಗದ ಕ್ಯಾಟ್‌ಗಳಲ್ಲಿ ಬೆಲೆಬಾಳುವ ಲೋಹದ ಲೇಪನ ತೆಳುವಾಗಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಸೆನ್ಸರನ್ನು ಕೊಳವೆಯಿಂದ ದೂರ ಎತ್ತಿ ಕೂರಿಸಿ ಅದಕ್ಕೆ ಸುಳ್ಳು ಹೇಳಿಸುವ ಬದಲು ಒಳ್ಳೆಯ ಕ್ಯಾಟ್‌ಗೆ ಹಣ ಹಾಕುವುದು ಲೇಸು.

ಡೌನ್‌ಪೈಪ್ ಬದಲಿಸಿ ಮ್ಯಾಪ್ ಬದಲಿಸದಿದ್ದರೆ ಏನಾಗುತ್ತದೆ? ಈ ಕಾರಿನ ಇಸಿಯು ಟಾರ್ಕನ್ನು ಗುರಿಯಾಗಿಟ್ಟುಕೊಂಡು ಕೆಲಸ ಮಾಡುತ್ತದೆ. ದಾರಿ ಸಲೀಸಾದಾಗ ಟರ್ಬೊ ಹೆಚ್ಚು ಒತ್ತಡ ಕೊಡಲು ಸಿದ್ಧವಾದರೂ, ಇಸಿಯು ವೇಸ್ಟ್‌ಗೇಟನ್ನು (ಟರ್ಬೈನಿಗೆ ಹೋಗದಂತೆ ಅನಿಲವನ್ನು ಪಕ್ಕಕ್ಕೆ ಬಿಡುವ ಕವಾಟ) ಇನ್ನಷ್ಟು ತೆರೆದು ಹಳೆಯ ಗುರಿಯಲ್ಲೇ ನಿಲ್ಲಿಸುತ್ತದೆ. ಬೂಸ್ಟ್ ಬೇಗ ಕಟ್ಟಿಕೊಳ್ಳುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಉಸಿರು ಸ್ವಲ್ಪ ಸರಾಗವಾಗುತ್ತದೆ, ಅಷ್ಟೇ. ಗಣನೀಯ ಹೆಚ್ಚಳ ಬರುವುದು ಹೊಸ ಮ್ಯಾಪ್‌ನಿಂದ. ಆ ಮ್ಯಾಪನ್ನು ನೀವು ನಿತ್ಯ ತುಂಬಿಸುವ ಪೆಟ್ರೋಲಿಗೆ ತಕ್ಕಂತೆ ಬರೆಸಬೇಕು. 100 ಆಕ್ಟೇನ್ ಪೆಟ್ರೋಲಿಗೆ ಬರೆಸಿ, ಹೆದ್ದಾರಿಯ ಯಾವುದೋ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ಹಾಕಿಸಿ ಪೂರ್ಣ ಥ್ರಾಟಲ್ ಒತ್ತಿದರೆ ನಾಕ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ನಿಗೆ ಪೆಟ್ಟು ಬೀಳುವುದು) ಆಗುವ ಅಪಾಯವಿದೆ. ಗೇರ್‌ಬಾಕ್ಸನ್ನೂ ಮರೆಯಬಾರದು. ಈ ಕಾರಿನ ಒದ್ದೆ ಕ್ಲಚ್‌ನ ಡಿಎಸ್‌ಜಿಯನ್ನು ಸುಮಾರು 350 ನ್ಯೂಟನ್ ಮೀಟರ್ ಟಾರ್ಕಿಗೆಂದು ರೂಪಿಸಲಾಗಿತ್ತು, ಮೂಲ ಎಂಜಿನ್ ಆಗಲೇ ಅಷ್ಟನ್ನು ಕೊಡುತ್ತಿದೆ. ಟಾರ್ಕ್ ಹೆಚ್ಚಿಸುವವರು ಗೇರ್‌ಬಾಕ್ಸಿನ ಸಾಫ್ಟ್‌ವೇರಿನಲ್ಲಿ ಕ್ಲಚ್ ಒತ್ತಡವನ್ನೂ ತಿದ್ದಿಸಬೇಕು, ಎಣ್ಣೆಯನ್ನು ವೇಳೆಗೆ ಸರಿಯಾಗಿ ಬದಲಿಸಬೇಕು.

ಥ್ರಾಟಲ್ ಬಿಟ್ಟಾಗ ಪಟಾಕಿಯಂತೆ ಸಿಡಿಯುವ ಸದ್ದನ್ನು ಕೂಡ ಮ್ಯಾಪ್ ಬರೆಯುವವರು ಉಚಿತವಾಗಿ ಸೇರಿಸಿಕೊಡುತ್ತಾರೆ. ಇಗ್ನಿಷನ್ನನ್ನು ತಡಮಾಡಿ, ಇಂಧನವನ್ನು ಎಕ್ಸಾಸ್ಟಿನಲ್ಲಿ ಸುಡಿಸುವುದೇ ಅದರ ಗುಟ್ಟು. ಆ ಶಾಖವನ್ನು ತಿನ್ನುವುದು ಟರ್ಬೈನ್ ಮತ್ತು ಹೊಸ ಕ್ಯಾಟ್. ಬೇಡವೆಂದು ಸ್ಪಷ್ಟವಾಗಿ ಹೇಳಿ.

ಹಂತ 4: ಸದ್ದನ್ನು ಆರಿಸುವುದು

ಮಫ್ಲರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ರಂಧ್ರಗಳಿರುವ ನೇರ ಕೊಳವೆಯ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು ತುಂಬಿರುತ್ತದೆ. ಅನಿಲಕ್ಕೆ ಅಡ್ಡಿ ಕಡಿಮೆ, ಕೀರಲು ಸ್ವರಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಗಡಸು ಸ್ವರಗಳನ್ನು ಬಿಟ್ಟುಬಿಡುತ್ತದೆ. ಇನ್ನೊಂದರಲ್ಲಿ ಕೋಣೆಗಳಿದ್ದು, ಅಲೆಗಳು ಗೋಡೆಗೆ ಬಡಿದು ಮರಳಿ ಒಂದನ್ನೊಂದು ಅಳಿಸಿಹಾಕುತ್ತವೆ. ಕೆಳ ಆವರ್ತನದ ಮೊರೆತವನ್ನು ಇದು ಉತ್ತಮವಾಗಿ ತಡೆಯುತ್ತದೆ, ಆದರೆ ಅಡ್ಡಿ ಹೆಚ್ಚು. ಟರ್ಬೊ ಸ್ವತಃ ಎಕ್ಸಾಸ್ಟಿನ ಅಲೆಗಳನ್ನು ಬಹಳಷ್ಟು ಮೃದುಗೊಳಿಸುವುದರಿಂದ, ಈ ಕಾರಿಗೆ ನಡುವೆ ಒಂದು ಉದ್ದನೆಯ ನೇರ ರೆಸೊನೇಟರ್, ಹಿಂದೆ ದೊಡ್ಡ ಗಾತ್ರದ ನೇರ ಮಫ್ಲರ್ ಇದ್ದರೆ ತುಂಬು ದನಿ ದೊರೆಯುತ್ತದೆ. ಹಣ ಉಳಿಸಲೆಂದು ರೆಸೊನೇಟರನ್ನು ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ; ಮೊದಲ ಸುತ್ತಿನಲ್ಲಿ ಖುಷಿ ಕೊಟ್ಟ ಸದ್ದು ಟ್ರ್ಯಾಕಿನಲ್ಲಿ ದಿನವಿಡೀ ಓಡಿಸುವಾಗ ತಲೆನೋವಾಗುತ್ತದೆ. ಮಫ್ಲರಿನ ಡಬ್ಬಿ ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು. ಮಾರುಕಟ್ಟೆಯಲ್ಲಿ ಮಿನುಗುವ ಪುಟ್ಟ ಮಫ್ಲರುಗಳಲ್ಲಿ ನಾರಿಗೆ ಜಾಗವೇ ಇರುವುದಿಲ್ಲ, ಇದ್ದಷ್ಟೂ ಬೇಗ ಸುಟ್ಟುಹೋಗುತ್ತದೆ.

ಡೆಸಿಬೆಲ್ ಅಂಕಿಯನ್ನು ಓದುವಾಗ ನೆನಪಿಡಬೇಕಾದುದು: ಮೂರು ಡೆಸಿಬೆಲ್ ಏರಿಕೆ ಎಂದರೆ ಶಬ್ದಶಕ್ತಿ ಇಮ್ಮಡಿ, ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸರಿಸುಮಾರು ಎರಡು ಪಟ್ಟು ಜೋರು.

ಹಂತ 5: ಲೋಹ ಮತ್ತು ಬೆಸುಗೆ

ಕಾರ್ಖಾನೆಯ ಎಕ್ಸಾಸ್ಟುಗಳಲ್ಲಿ ಸಾಮಾನ್ಯವಾಗಿ 409 ದರ್ಜೆಯ ಸ್ಟೇನ್‌ಲೆಸ್ ಇರುತ್ತದೆ. ಹೊಸದಾಗಿ ಮಾಡಿಸುವಾಗ 304 ದರ್ಜೆಯನ್ನು ಕೇಳಿ. ಸಾದಾ ಉಕ್ಕು ಅಗ್ಗವಾದರೂ ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಕೆಲವು ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಕೈಗೆ ಸಿಕ್ಕ ಜಿಐ ಪೈಪಿನ ತುಂಡನ್ನು ನಡುವೆ ಸೇರಿಸುವ ಅಭ್ಯಾಸವಿದೆ. ಅದರ ಸತುವಿನ ಲೇಪನ ಬೆಸುಗೆಯ ಶಾಖಕ್ಕೆ ಹೊಗೆಯಾಗಿ ಬೆಸೆಯುವವನಿಗೆ ಜ್ವರ ತರಿಸುತ್ತದೆ, ಬೆಸುಗೆಯೂ ಕೆಡುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ.

304ಕ್ಕೆ 304 ಬೆಸೆಯಲು 308ಎಲ್ ಫಿಲ್ಲರ್ (ಬೆಸುಗೆ ತುಂಬುವ ತಂತಿ), 304ನ್ನು ಸಾದಾ ಉಕ್ಕಿಗೆ ಬೆಸೆಯಲು 309ಎಲ್ ಫಿಲ್ಲರ್ ಬಳಸಿ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವುದು) ಮಾಡಿಸಬೇಕು. ಬೆಸೆಯುವಾಗ ಕೊಳವೆಯ ಒಳಗೂ ಆರ್ಗಾನ್ ಹರಿಸದಿದ್ದರೆ ಬೆಸುಗೆಯ ಒಳಮೈ ಸುಟ್ಟು ಉರುಟುರುಟಾಗುತ್ತದೆ, ಹೊರಗೆ ಎಷ್ಟೇ ಅಂದವಾಗಿ ಕಂಡರೂ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಅಂಗಡಿಯನ್ನು ಆರಿಸುವಾಗ ಅವರು ಮಾಡಿದ ಯಾವುದಾದರೂ ಕೊಳವೆಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಅದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ಬೆಸೆಯಲೇಬಾರದು, ಪ್ರಾಣಾಪಾಯಕಾರಿ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಅಸಿಟೋನ್ ಬಳಸಿ, ಪೂರ್ತಿ ಆರಲು ಬಿಡಿ.

ಹಂತ 6: ಹಳೆಯದನ್ನು ಬಿಚ್ಚುವುದು

ಎಂಜಿನ್ ಪೂರ್ತಿ ತಣಿಯಲಿ. ಲಿಫ್ಟ್ ಇದ್ದರೆ ಉತ್ತಮ. ಇಲ್ಲದಿದ್ದರೆ ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿ, ಬಲವಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಇಳಿಯಬೇಕು. ಬರಿ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವಂತಿಲ್ಲ. ಬ್ಯಾಟರಿಯ ಋಣ ತುದಿಯನ್ನು ಕಳಚಿಡಿ. ನಟ್ಟುಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟರೆ ಮುರಿಯುವ ಸಂಭವ ಕಡಿಮೆ. ಎಕ್ಸಾಸ್ಟನ್ನು ತೂಗುಹಾಕುವ ರಬ್ಬರ್ ಹ್ಯಾಂಗರುಗಳಿಗೆ ಸಾಬೂನು ನೀರು ಸಾಕು.

ಫೋಕ್ಸ್‌ವ್ಯಾಗನ್ ಕುಟುಂಬದ ಹಲವು ಕಾರುಗಳಲ್ಲಿ ನಡುಭಾಗ ಮತ್ತು ಹಿಂಭಾಗದ ಎಕ್ಸಾಸ್ಟ್ ಕಾರ್ಖಾನೆಯಿಂದ ಒಂದೇ ತುಂಡಾಗಿ ಬಂದಿರುತ್ತದೆ. ಹಿಂದಿನ ಸಸ್ಪೆನ್ಷನ್ನಿನ ಮೇಲಿಂದ ಅದನ್ನು ಇಡಿಯಾಗಿ ಹೊರತೆಗೆಯುವುದು ಕಷ್ಟವಾದ್ದರಿಂದ, ಕತ್ತರಿಸಬೇಕಾದ ಜಾಗವನ್ನು ತಯಾರಕರೇ ಕೊಳವೆಯ ಮೇಲೆ ಮೂರು ಒತ್ತುಗುರುತುಗಳಿಂದ ತೋರಿಸಿರುತ್ತಾರೆ. ನಡುವಿನ ಗುರುತಿನಲ್ಲಿ ಲಂಬವಾಗಿ ಕತ್ತರಿಸಬೇಕು; ಮುಂದೆ ಮೂಲ ಎಕ್ಸಾಸ್ಟನ್ನು ಮರಳಿ ಕೂರಿಸುವಾಗ ಎರಡು ತುಂಡುಗಳನ್ನು ಜೋಡಿಸುವ ಕ್ಲಾಂಪಿನ ಅಂಚುಗಳು ಉಳಿದ ಎರಡು ಗುರುತುಗಳಿಗೆ ಸರಿಯಾಗಿ ಬರಬೇಕು. ಇನ್ನೆಲ್ಲಾದರೂ ಕತ್ತರಿಸಿದರೆ ಮರಳಿಸುವ ದಾರಿ ಅಲ್ಲಿಗೇ ಜಟಿಲವಾಗುತ್ತದೆ.

ಆಮ್ಲಜನಕ ಸೆನ್ಸರುಗಳನ್ನು ಅದಕ್ಕೆಂದೇ ಇರುವ ಸೀಳುಳ್ಳ ಸಾಕೆಟಿನಿಂದ ಬಿಚ್ಚಿ, ವೈರು ತಿರುಚದಂತೆ, ನೆಲಕ್ಕೆ ಬೀಳದಂತೆ ಎತ್ತಿಡಿ. ಡೌನ್‌ಪೈಪಿನ ಬಳುಕುವ ಜೋಡಣೆಯನ್ನು ಹತ್ತು ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು. ನೇತಾಡಲು ಬಿಟ್ಟರೆ ಒಳಗಿನ ಮಡಿಕೆಗಳು ಹರಿದು, ಮತ್ತೆ ಬಳಸುವಾಗ ಸೋರುತ್ತದೆ. ತೆಗೆದ ಭಾಗಗಳ ಬಾಯಿಗೆ ಬಟ್ಟೆ ಕಟ್ಟಿ, ಒಣಜಾಗದಲ್ಲಿ ಇಡಬೇಕು.

ಹಂತ 7: ಜೋಡಣೆ

ಕೆಲಸ ಯಾವಾಗಲೂ ಟರ್ಬೊ ಕಡೆಯಿಂದ ಹಿಂದಕ್ಕೆ ಸಾಗಬೇಕು. ಹೊಸ ಗ್ಯಾಸ್ಕೆಟ್ ಮತ್ತು ಹೊಸ ಕ್ಲಾಂಪಿನಿಂದ ಡೌನ್‌ಪೈಪನ್ನು ಟರ್ಬೊಗೆ ಕೂರಿಸಿ, ಪೂರ್ತಿ ಬಿಗಿಯದೆ ಬಿಡಿ. ನಂತರ ನಡುಭಾಗ, ರೆಸೊನೇಟರ್, ಮಫ್ಲರ್, ತುದಿಗಳು. ಎಲ್ಲವೂ ತಮ್ಮ ಜಾಗದಲ್ಲಿ ಒತ್ತಡವಿಲ್ಲದೆ ನಿಂತಾಗ ಮಾತ್ರ ಮುಂದಿನಿಂದ ಹಿಂದಕ್ಕೆ, ಕಾರಿನ ಸರ್ವಿಸ್ ಕೈಪಿಡಿಯ ಟಾರ್ಕ್ ಅಂಕಿಗೆ ಅನುಗುಣವಾಗಿ ಬಿಗಿಯಬೇಕು. ಹೊಸದಾಗಿ ಕೊಳವೆ ಮಾಡಿಸುವವರು ಕಾರಿನ ಕೆಳಗೆ ಚುಕ್ಕಿ ಬೆಸುಗೆ ಮಾತ್ರ ಹಾಕಿಸಿ, ಬಿಚ್ಚಿ ಮೇಜಿನ ಮೇಲೆ ಪೂರ್ತಿ ಬೆಸೆಯಲಿ; ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕಿಡಿ ಹಾರಿಸುವ ಅಗತ್ಯವಿಲ್ಲ, ಅಗ್ನಿಶಾಮಕ ಕೈಗೆಟುಕುವಂತಿರಲಿ. ತುಂಡುಗಳ ನಡುವೆ ವಿ-ಬ್ಯಾಂಡ್ ಕ್ಲಾಂಪುಗಳನ್ನು ಬಳಸಿದರೆ ಬಿಚ್ಚಿ ಜೋಡಿಸುವುದು ಬಹಳ ಸಲೀಸು.

ಲೋಹ ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 304 ಸ್ಟೇನ್‌ಲೆಸ್ ಕೊಳವೆ ಎರಡು ಮೀಟರ್ ಉದ್ದವಿದ್ದು, ಉಷ್ಣಾಂಶ 300 ಡಿಗ್ರಿ ಏರಿದರೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಹ್ಯಾಂಗರುಗಳು ಹಿಂದಕ್ಕೆ ಸರಿಯಲು ಅವಕಾಶವಿರಬೇಕು. ತಣ್ಣಗಿರುವಾಗ ಅವು ಸ್ವಲ್ಪ ಮುಂದಕ್ಕೆ ವಾಲಿದ್ದರೆ ಬಿಸಿಯಾದಾಗ ನೇರವಾಗುತ್ತವೆ. ಇದನ್ನು ಕಡೆಗಣಿಸಿದ ಜೋಡಣೆಗಳಲ್ಲೇ ಹ್ಯಾಂಗರಿನ ಬೆಸುಗೆ ಸೀಳುವುದು, ತುದಿ ಬಂಪರಿಗೆ ತಾಗಿ ಪ್ಲಾಸ್ಟಿಕ್ ಕರಗುವುದು ಕಾಣುತ್ತದೆ.

ಕೊಳವೆಯ ಸುತ್ತ ಎಲ್ಲೆಡೆ ಕನಿಷ್ಠ 25 ಮಿ.ಮೀ. ಅಂತರ ಬಿಡಬೇಕು. ಇಂಧನದ ಲೈನಿನಿಂದ ಕನಿಷ್ಠ 35 ಮಿ.ಮೀ. ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಸೆನ್ಸರ್ ವೈರುಗಳನ್ನು ಒಂದೊಂದಾಗಿ ನೋಡಿ. ಮೂಲ ಶಾಖಕವಚಗಳನ್ನು ತೆಗೆಯಬೇಡಿ. ಕಾರು ಚಕ್ರಗಳ ಮೇಲೆ ನಿಂತಾಗ, ಚಕ್ರಗಳು ನೇತಾಡುವಾಗ, ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತಾಗ ಎಂಬ ಮೂರೂ ಸ್ಥಿತಿಗಳಲ್ಲಿ ಸಸ್ಪೆನ್ಷನ್ ಎಲ್ಲಿಯೂ ಕೊಳವೆಗೆ ತಾಗಬಾರದು.

ಹಂತ 8: ಪರೀಕ್ಷೆ

ಮೊದಲ ಸ್ಟಾರ್ಟ್ ಬಯಲಿನಲ್ಲಿ ಆಗಲಿ. ಎಂಜಿನ್ ತಣ್ಣಗಿರುವಾಗ ದಪ್ಪ ಬಟ್ಟೆಯಿಂದ ತುದಿಗಳನ್ನು ಕ್ಷಣಕಾಲ ಭಾಗಶಃ ಮುಚ್ಚಿಸಿ, ಪ್ರತಿ ಜೋಡಣೆಗೂ ಸಾಬೂನು ನೀರು ಸಿಂಪಡಿಸಿದರೆ ಸೋರಿಕೆಯ ಜಾಗದಲ್ಲಿ ಗುಳ್ಳೆ ಏಳುತ್ತದೆ. ಹೊಗೆ ಯಂತ್ರವಿರುವ ಗ್ಯಾರೇಜಿನಲ್ಲಿ ಇನ್ನೂ ಸುಲಭ. ಸೋರಿಕೆ ಸದ್ದಿನ ವಿಚಾರ ಮಾತ್ರವಲ್ಲ: ಮುಂದಿನ ಸೆನ್ಸರಿನ ಹತ್ತಿರ ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಇಂಧನದ ಲೆಕ್ಕ ತಪ್ಪುತ್ತದೆ, ಕ್ಯಾಬಿನ್ನಿನ ಕೆಳಗೆ ಸೋರಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಹೊಸ ಮಫ್ಲರಿನಿಂದ ಮೊದಲ ಅರ್ಧ ಗಂಟೆ ಎಣ್ಣೆ ಸುಟ್ಟ ಹೊಗೆ ಬರುವುದು ಸಹಜ.

ನಂತರ ಇಪ್ಪತ್ತು ನಿಮಿಷ ಸಾಧಾರಣವಾಗಿ ಓಡಿಸಿ, ಪೂರ್ತಿ ತಣಿಸಿ, ಎಲ್ಲ ಕ್ಲಾಂಪುಗಳನ್ನು ಮರುಬಿಗಿಯಬೇಕು. ಆಮೇಲೆ ಹಂತ 1ರ ಎಲ್ಲ ಅಳತೆಗಳನ್ನು ಅದೇ ಕ್ರಮದಲ್ಲಿ ಪುನಃ ಮಾಡಿ. ಒತ್ತಡ ಇಳಿದು ಶಕ್ತಿ ಏರದಿದ್ದರೆ ಮ್ಯಾಪ್ ಕಡೆ ನೋಡಬೇಕು. ಒತ್ತಡವೇ ಇಳಿಯದಿದ್ದರೆ ಕೊಳವೆಯಲ್ಲಿ ಎಲ್ಲೋ ತಡೆಯಿದೆ.

ಹಂತ 9: ಮೊರೆತವನ್ನು ಅಡಗಿಸುವುದು

ಹೊಸ ಎಕ್ಸಾಸ್ಟಿನ ಬಗ್ಗೆ ಅತಿ ಸಾಮಾನ್ಯ ದೂರು ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಕ್ಯಾಬಿನ್ನಿನೊಳಗೆ ಕಿವಿ ಒತ್ತಿದಂತಾಗುವ ಮೊರೆತ. ಇದಕ್ಕೆ ಲೆಕ್ಕದ ಪರಿಹಾರವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಸಿಡಿಯುವುದರಿಂದ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಮೂಲ ಆವರ್ತನ ದೊರೆಯುತ್ತದೆ. 2400 ಆರ್‌ಪಿಎಂಗೆ 80 ಹರ್ಟ್ಸ್. ಒಂದು ತುದಿ ಮುಚ್ಚಿದ ಅಡ್ಡಕೊಳವೆಯನ್ನು ಮುಖ್ಯ ಕೊಳವೆಗೆ ಬೆಸೆದು, ಅದರ ಉದ್ದವನ್ನು ಆ ಆವರ್ತನದ ತರಂಗಾಂತರದ ಕಾಲು ಭಾಗಕ್ಕೆ ಸಮವಾಗಿಟ್ಟರೆ, ಒಳಹೋದ ಅಲೆ ತಿರುಗಿ ಬರುವಾಗ ಮುಖ್ಯ ಅಲೆಗೆ ವಿರುದ್ಧವಾಗಿ ಬಂದು ಅದನ್ನು ಕುಗ್ಗಿಸುತ್ತದೆ. ಅಡ್ಡಕೊಳವೆಯಲ್ಲಿ ಅನಿಲ ಹರಿಯದೆ ನಿಂತಿರುವುದರಿಂದ ಅದು ಮುಖ್ಯ ಕೊಳವೆಗಿಂತ ತಂಪಾಗಿರುತ್ತದೆ. 150 ಡಿಗ್ರಿ ಎಂದು ಹಿಡಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಅದನ್ನು ಎಂಬತ್ತರ ನಾಲ್ಕು ಪಟ್ಟಿನಿಂದ, ಅಂದರೆ 320ರಿಂದ ಭಾಗಿಸಿದಾಗ ಬರುವ ಉದ್ದ ಸುಮಾರು 1.3 ಮೀಟರ್.

ಉಷ್ಣಾಂಶದ ಊಹೆ ಹೆಚ್ಚುಕಡಿಮೆಯಾಗುವುದು ಸಹಜವಾದ್ದರಿಂದ ಮೊದಲು ಒಂದೂವರೆ ಮೀಟರ್ ಉದ್ದವಿಟ್ಟು, ಮುಚ್ಚಳವನ್ನು ಚುಕ್ಕಿ ಬೆಸುಗೆಯಿಂದ ಮಾತ್ರ ಹಿಡಿಸಿ, ಓಡಿಸಿ ನೋಡಿ, ಐದೈದು ಸೆಂಟಿಮೀಟರ್ ಕತ್ತರಿಸುತ್ತಾ ಬರಬೇಕು. ಮೊರೆತ 2400ಕ್ಕಿಂತ ಕೆಳಗಿನ ಆರ್‌ಪಿಎಂನಲ್ಲಿ ಅಡಗುತ್ತಿದ್ದರೆ ಕೊಳವೆ ಇನ್ನೂ ಉದ್ದವಿದೆ ಎಂದರ್ಥ. ಈ ಕೊಳವೆ ನೇರವಾಗಿರಬೇಕಿಲ್ಲ. ಮುಖ್ಯ ಕೊಳವೆಯ ಪಕ್ಕದಲ್ಲೇ ಬಾಗಿಸಿ ಕೂರಿಸಬಹುದು, ಆದರೆ ವ್ಯಾಸ ಮುಖ್ಯ ಕೊಳವೆಗೆ ಹತ್ತಿರವಿದ್ದರೆ ಪರಿಣಾಮ ಹೆಚ್ಚು. ಅನಿಲದ ಹರಿವಿಗೆ ಇದು ಅಡ್ಡಿಯಾಗದು. ನೀರು ನಿಂತು ತುಕ್ಕು ಹಿಡಿಯದಂತೆ ಮುಚ್ಚಿದ ತುದಿಯನ್ನು ಬಾಯಿಗಿಂತ ತುಸು ಎತ್ತರದಲ್ಲಿ ಇರಿಸಬೇಕು, ಹೊಸ ಹ್ಯಾಂಗರನ್ನೂ ಕೊಡಬೇಕು.

ಟ್ರ್ಯಾಕಿನ ಓಟ ಮುಗಿದ ಮೇಲೆ, ರಸ್ತೆಗೆ ಇಳಿಯುವ ಮೊದಲು ಮೂಲ ಎಕ್ಸಾಸ್ಟನ್ನೂ ಮೂಲ ಮ್ಯಾಪನ್ನೂ ಒಟ್ಟಿಗೇ ಮರಳಿಸಬೇಕು. ಹೆಚ್ಚು ಬೂಸ್ಟ್ ಕೇಳುವ ಮ್ಯಾಪನ್ನು ಮೂಲ ಡೌನ್‌ಪೈಪಿನೊಂದಿಗೆ ಬಿಟ್ಟರೆ ಟರ್ಬೊ ತನ್ನ ಮಿತಿ ಮೀರಿ ಸುತ್ತುತ್ತದೆ. ಟರ್ಬೊ ಕಡೆಯ ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದೇ ಆಗಬೇಕು, ಹಾಗಾಗಿ ಕೆಲವನ್ನು ಒಟ್ಟಿಗೆ ತರಿಸಿಟ್ಟುಕೊಳ್ಳುವುದು ಒಳ್ಳೆಯದು.